ಬೋಳುಗುಡ್ಡವಲ್ಲ, ಹುಲ್ಲಿನ ಕಾಡು: ಕುದುರೆಮುಖಕ್ಕಾಗಿ ಹಕ್ಕೊತ್ತಾಯ ಪತ್ರ

ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನ ಊರುಗಳವರಾದ ನಾವು ರಾಜ್ಯ ಸರ್ಕಾರದ ಮುಂದೆ ಇಡುತ್ತಿರುವ ಬೇಡಿಕೆಗಳಿವು.

2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿ ನಿಂತಿತು. ಗಣಿ ನಿಂತರೆ ಸಾಕು, ಗುಡ್ಡ ತಾನಾಗಿ ಚಿಗುರಿಕೊಳ್ಳುತ್ತದೆ ಅಂತ ನಾವೂ ನಂಬಿದ್ದೆವು. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಆ ಮೈ ಇನ್ನೂ ಮಾಯ್ದಿಲ್ಲ.

1. ಸರ್ಕಾರಿ ಕಾಗದಗಳಲ್ಲಿ ಹುಲ್ಲುಗುಡ್ಡವನ್ನು ‘ಬೋಳು’, ‘ಪಾಳು’ ಎಂದು ಬರೆಯುವುದು ನಿಲ್ಲಲಿ. ನೆತ್ತಿಯಲ್ಲಿ ಹುಲ್ಲು, ಕಣಿವೆಯ ಸೆರಗಿನಲ್ಲಿ ಶೋಲೆ ಕಾಡು: ಇಲ್ಲಿನ ಮಲೆಯ ಹುಟ್ಟುರೂಪವೇ ಅದು. ಮಳೆನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆಗೂ ತೊರೆ ಹರಿಸುವುದು ಈ ಜೋಡಿಯೇ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲ ಇರುವುದೂ ಇಲ್ಲೇ. ವನಮಹೋತ್ಸವದ ಲೆಕ್ಕ ತುಂಬಿಸಲು ಹುಲ್ಲಿನಲ್ಲಿ ಒಂದು ಗುಂಡಿಯನ್ನೂ ತೋಡಬೇಡಿ.

2. ಹಿಂದೆ ನೆಟ್ಟ ಅಕೇಶಿಯಾ, ನೀಲಗಿರಿ, ಸಿಲ್ವರ್ ಓಕ್ ಹಂತ ಹಂತವಾಗಿ ತೆಗೆಯಿರಿ. ಒಂದೇ ಏಟಿಗೆ ಬೋಳಿಸಿದರೆ ಮಣ್ಣೆಲ್ಲ ಹೊಳೆಗೆ. ಹಳೇ ನೆಡುತೋಪಿನ ನೆರಳಲ್ಲಿ ಶೋಲೆಯ ಸಸಿ ಎದ್ದಿದ್ದರೆ ಅಲ್ಲಿ ಕೊಡಲಿ ಹಾಕಲೇಬೇಡಿ. ಅಕೇಶಿಯಾ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿದ್ದು, ಬೆಂಕಿ ಬಿದ್ದದ್ದೇ ತಡ ಹಿಂಡುಹಿಂಡಾಗಿ ಮೊಳೆಯುತ್ತದೆ. ಎಳೆ ಸಸಿಗೆ ಹುಣಸೆಯಂಥ ಪುಟ್ಟ ಎಲೆ, ಬಲಿತ ಮೇಲೆ ಕುಡುಗೋಲಿನಂಥದ್ದು. ಗುರುತು ಗೊತ್ತಿಲ್ಲದವರು ಎಳೆಯದನ್ನು ಯಾವುದೋ ಕಾಡುಗಿಡವೆಂದು ಬಿಟ್ಟುಬಿಡುತ್ತಾರೆ. ಮಳೆ ಹಿಡಿದು ನೆಲ ಮೆತ್ತಗಾದಾಗ ಎರಡು ಬೆರಳಲ್ಲಿ ಬೇರುಸಮೇತ ಬರುವ ಗಿಡ, ಎರಡು ವರ್ಷ ಬಿಟ್ಟರೆ ಹಾರೆಗೂ ಜಗ್ಗುವುದಿಲ್ಲ. ಹಾಗಾಗಿ ಟೆಂಡರು ಬೇಡ. ಕೆಲಸ ಬಲ್ಲ ಊರಿನವರಿಗೆ ಪ್ರತಿ ಮಳೆಗಾಲ, ಕನಿಷ್ಠ ಹತ್ತು ವರ್ಷ, ಈ ಕೂಲಿ ಸಿಗಲಿ.

3. ಗಣಿಯ ಮೆಟ್ಟಿಲುಗಳಿಗೆ ಮೊದಲು ನೀರು ಹೋಗುವ ದಾರಿ ಮಾಡಿ, ಆಮೇಲೆ ಹುಲ್ಲು. ಬೀಜ ಅಕ್ಕಪಕ್ಕದ ಗುಡ್ಡದ್ದೇ ಆಗಿರಲಿ, ಹೊರಗಿನ ಮೇವಿನ ಹುಲ್ಲು ಬೇಡ. ಅದಿರು ತೊಳೆದ ಹೂಳನ್ನು ಹೊತ್ತು ಕೂತಿರುವ ಲಕ್ಯಾ ಅಣೆಕಟ್ಟೆಯನ್ನು ಹೊರಗಿನ ತಜ್ಞರು ವರ್ಷಕ್ಕೊಮ್ಮೆ ಪರೀಕ್ಷಿಸಲಿ, ವರದಿ ಕನ್ನಡದಲ್ಲಿ ಪಂಚಾಯಿತಿಗೆ ತಲುಪಲಿ. ಖಾಲಿ ಬಿದ್ದ ಗಣಿ ಕಾಲೊನಿಯ ಕಟ್ಟಡಗಳು ರೆಸಾರ್ಟ್ ಆಗಕೂಡದು.

4. ಬೆಂಕಿರೇಖೆ ಕೆಲಸ ಕರಡ ಒಣಗುವ ಮೊದಲೇ ಮುಗಿಯಲಿ, ಬೆಂಕಿ ಕಾಯುವವರ ಸಂಬಳ ಆಯಾ ತಿಂಗಳೇ ಕೈಸೇರಲಿ. ಎಳೆಹುಲ್ಲಿನ ಆಸೆಗೆ ಕಡ್ಡಿ ಗೀರುವವರಲ್ಲಿ ನಮ್ಮವರೂ ಇದ್ದಾರೆ, ಮುಚ್ಚಿಡುವುದಿಲ್ಲ. ಅವರ ಜೊತೆ ಮಾತಾಡುವ ಹೊಣೆ ನಮ್ಮದು.

5. ಸಿಂಗಳೀಕ ಕೊಂಬೆಯಿಂದ ಕೊಂಬೆಗೆ ಸಾಗುವ ಜೀವ. ಕಾರಿನ ಕಿಟಕಿಯಿಂದ ಬಿದ್ದ ಚಿಪ್ಸ್ ಪೊಟ್ಟಣ ಅದನ್ನು ಡಾಂಬರಿಗೆ ಇಳಿಸುತ್ತದೆ. ಕಾರ್ಕಳ–ಕಳಸ ರಸ್ತೆ ಅಗಲ ಮಾಡಬೇಡಿ. ಮರದ ಚಪ್ಪರ ಕಡಿದುಹೋದಲ್ಲಿ ಹಗ್ಗದ ಸೇತುವೆ ಕಟ್ಟಿ, ತಿನಿಸು ಹಾಕುವವರಿಗೆ ಸ್ಥಳದಲ್ಲೇ ದಂಡ ಹಾಕಿ. ಕಡವೆ, ಕಾಟಿ ದಾಟುವ ಜಾಗಗಳಲ್ಲಿ ಉಬ್ಬು ಬೇಕು.

6. ಚಾರಣಿಗರ ಸಂಖ್ಯೆಗೆ ಮಿತಿ ಇರಲಿ. ಸವೆದು ಚರಂಡಿಯಾದ ದಾರಿಗಳಿಗೆ ಒಂದೆರಡು ಮಳೆಗಾಲ ರಜೆ ಕೊಡಿ.

7. ಉದ್ಯಾನದೊಳಗಿನ ಕುಟುಂಬಗಳಲ್ಲಿ ಹೊರಬರಲು ಒಪ್ಪಿದವರಿಗೆ ಪರಿಹಾರ ಕಂತಿನಲ್ಲಿ ಬೇಡ, ಪೂರ್ತಿ ಕೊಡಿ. ಇರುತ್ತೇವೆ ಎನ್ನುವವರ ಅರ್ಜಿಗಳನ್ನು 2006ರ ಅರಣ್ಯ ಹಕ್ಕು ಕಾಯ್ದೆಯಡಿ ಇತ್ಯರ್ಥ ಮಾಡಿ. ಹುಲಿಗೆ ಜಾಗ ಬಿಡುವ ಹೆಸರಿನಲ್ಲಿ ಬಡವನ ದನದ ಕೊಟ್ಟಿಗೆಗೆ ನೋಟಿಸು ಅಂಟಿಸುವುದು ಸಂರಕ್ಷಣೆಯಲ್ಲ.

8. ಇವೆಲ್ಲದರ ಮೇಲ್ವಿಚಾರಣೆಗೆ ಅರಣ್ಯಾಧಿಕಾರಿಗಳು, ಹುಲ್ಲು-ಹಕ್ಕಿ ಬಲ್ಲ ವಿಜ್ಞಾನಿಗಳು, ಊರಿನವರು ಸೇರಿದ ಸಮಿತಿ ಬೇಕು. ಅದರ ಮೊದಲ ಸಭೆ ಬೆಂಗಳೂರಿನಲ್ಲಿ ಬೇಡ. ಜೂನ್ ಮಳೆಯಲ್ಲಿ, ಕಳಸದಲ್ಲಿ ಕರೆಯಿರಿ. ಕೊಡೆ ನಾವು ತರುತ್ತೇವೆ.