ಮನೆಯ ಹಿರಿಯ ಹೆಂಗಸರ ಸೊಂಟದ ಬಲ

ಎತ್ತಿನ ಮೈ ಇಳಿದರೆ ಒಡೆಯನು ಅಂದೇ ಹುರುಳಿಯ ಅಳತೆಯನ್ನು ಹೆಚ್ಚಿಸುವನು. ಹಟ್ಟಿಯ ವಿಷಯದಲ್ಲಿ ಇಷ್ಟು ಜಾಗರೂಕವಾದ ಮನೆಗಳಲ್ಲಿಯೇ, ಆ ಹುರುಳಿಯನ್ನು ಬೇಯಿಸಿಡುವ ಹಿರಿಯ ಹೆಂಗಸಿನ ತೋಳುತೊಡೆಗಳು ಸೊರಗುವುದನ್ನು ಯಾರೂ ಗಮನಿಸುವುದಿಲ್ಲ. ಆಕೆ ಬಚ್ಚಲಿನಲ್ಲಿ ಜಾರಿಬಿದ್ದು ಸೊಂಟ ಮುರಿದ ಮೇಲೆ ಎಲ್ಲರೂ ಮರುಗುವರು. ಈ ಉದಾಸೀನವು ಗೃಹಸ್ಥರಿಗೆ ತಕ್ಕುದಲ್ಲ.

ಎಲುಬು ಕೆರೆಯ ಏರಿಯಂತೆ ಸದಾ ಸವೆಯುತ್ತಲೂ ದುರಸ್ತಾಗುತ್ತಲೂ ಇರುವ ವಸ್ತು. ಮುಟ್ಟು ನಿಂತ ಬಳಿಕ ದೇಹದಲ್ಲಿ ಈಸ್ಟ್ರೋಜೆನ್ ಎಂಬ ರಸವು ಬಹಳ ಕಡಿಮೆಯಾಗುವುದರಿಂದ ಸವೆತವು ದುರಸ್ತಿಯನ್ನು ಮೀರುತ್ತದೆ. ಅದೇ ಕಾಲದಲ್ಲಿ ಮಾಂಸಖಂಡಗಳೂ ಕುಗ್ಗುತ್ತವೆ. ಮಾಂಸಖಂಡವು ಬಲವಾಗಿ ಎಳೆದರೆ ಎಲುಬು ಗಟ್ಟಿಯಾಗುವುದು. ಎಳೆತ ತಪ್ಪಿದರೆ ಸಡಿಲವಾಗುವುದು. ತೊಡೆಯೆಲುಬು ಸೊಂಟವನ್ನು ಸೇರುವ ಕೊರಳಿನಂತಹ ಭಾಗಕ್ಕೆ ಇದರಿಂದ ಹೆಚ್ಚಿನ ಅಪಾಯವಿದೆ.

ಆದುದರಿಂದ "ಇನ್ನು ನೀವು ಸುಮ್ಮನೆ ಕೂತಿರಿ, ಅಮ್ಮಾ" ಎಂಬ ಉಪಚಾರವು ಪ್ರೀತಿಯದಾದರೂ ಹಿತಕರವಲ್ಲ. ಆಸ್ಟ್ರೇಲಿಯದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಮುಟ್ಟು ನಿಂತು ಎಲುಬು ತೆಳುವಾಗಿದ್ದ 101 ಸ್ತ್ರೀಯರು ಭಾಗವಹಿಸಿದ್ದರು. ಶಿಕ್ಷಕರ ಕಣ್ಣೆದುರಿನಲ್ಲಿ ವಾರಕ್ಕೆ ಎರಡು ಬಾರಿ, ಅರ್ಧ ಗಂಟೆಯಂತೆ, 8 ತಿಂಗಳು ಭಾರವೆತ್ತಿದವರ ಬೆನ್ನೆಲುಬಿನ ಸಾಂದ್ರತೆ ಹೆಚ್ಚಿತು. ತೊಡೆಯೆಲುಬಿನ ಕೊರಳಿನ ಸವೆತವು ನಿಂತಿತು. ಹಗುರವಾದ ವ್ಯಾಯಾಮವನ್ನಷ್ಟೇ ಮಾಡಿದವರಲ್ಲಿ ಎರಡೂ ಇಳಿದವು. ಇದರಿಂದ ಹಿರಿಯರ ತಲೆಯ ಮೇಲೆ ಮೂಟೆ ಹೊರಿಸಬೇಕೆಂದು ಯಾರೂ ತಿಳಿಯಬಾರದು. ವೈದ್ಯರನ್ನು ಕೇಳಿ, ಮಣೆಯಿಂದ ಕೈಯೂರದೆ ಏಳುವುದು, ಮೆಟ್ಟಿಲು ಹತ್ತುವುದು, ಹಿಡಿಸುವಷ್ಟು ಭಾರವನ್ನು ಎತ್ತುವುದು ಮುಂತಾದವುಗಳನ್ನು ಕ್ರಮವಾಗಿ ಹೆಚ್ಚಿಸತಕ್ಕದ್ದು.

ದುಡಿಮೆಗೆ ತಕ್ಕ ಆಹಾರವೂ ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣಾಂಶವಿದೆ. ಬಿಳಿ ಅಕ್ಕಿಯಲ್ಲಿ 8 ಮಿಲಿಗ್ರಾಂ ಸಹ ಇಲ್ಲ. ರಾಗಿಯನ್ನು ಮೊಳಕೆ ಬರಿಸಿ ಹಿಟ್ಟು ಮಾಡಿದರೆ ಸುಣ್ಣಾಂಶವು ಮೈಗೆ ಇನ್ನೂ ಸುಲಭವಾಗಿ ಹತ್ತುವುದು. ಮಾಂಸಖಂಡಕ್ಕೆ ಬೇಳೆ, ಹುರುಳಿ, ಹಾಲು, ರೂಢಿಯಿದ್ದವರಿಗೆ ಮೊಟ್ಟೆ, ಮೀನು ಅವಶ್ಯ. ಎಲ್ಲರಿಗೂ ಬಡಿಸಿ ಉಳಿದ ಸಾರಿನಲ್ಲಿ ಊಟ ಮುಗಿಸುವ ಹೆಂಗಸಿಗೆ ಇವು ದೊರೆಯಲಾರವು. ಹಾಲನ್ನೆಲ್ಲ ಡೈರಿಗೆ ಅಳೆಯುವ ಮೊದಲು ಒಂದು ಲೋಟವನ್ನು ಆಕೆಗಾಗಿ ತೆಗೆದಿಡುವುದು ಯಜಮಾನನ ಕರ್ತವ್ಯ. ಮೈಗೆ ಬಿಸಿಲೂ ಬೀಳಬೇಕು.

ಗ್ರಾಮದ ಮುಖ್ಯಸ್ಥರು ತಮ್ಮ ಮನೆಯಿಂದಲೇ ಇದನ್ನು ಆರಂಭಿಸಿ ಇತರರಿಗೆ ಮೇಲ್ಪಂಕ್ತಿಯಾಗಲಿ. ಬಚ್ಚಲಿನ ಪಾಚಿಯನ್ನು ತಿಕ್ಕಿಸಿ ಗೋಡೆಗೆ ಹಿಡಿಕೆ ಹಾಕಿಸುವುದಕ್ಕೂ, ಹಟ್ಟಿಯ ದಾರಿಗೆ ದೀಪವಿಡುವುದಕ್ಕೂ ಹೆಚ್ಚು ಹಣ ಬೇಡ. ಬಿದ್ದ ಹೆಂಗಸು ಕಾಲೂರಿ ನಿಲ್ಲಲಾರದಿದ್ದರೆ ಎಣ್ಣೆ ತಿಕ್ಕಿ, ಪಟ್ಟು ಕಟ್ಟಿ ದಿನ ಕಳೆಯದೆ ಕೂಡಲೇ ಆಸ್ಪತ್ರೆಗೆ ಸಾಗಿಸತಕ್ಕದ್ದು. ಹಾಸಿಗೆ ಹಿಡಿದಷ್ಟು ದಿನವೂ ಉಳಿದ ಬಲ ಕರಗುವುದು. ಮನೆಯ ಕಣಜವನ್ನು ಕಾಯ್ದ ಕೈಗಳಿಗೆ ಆ ಕಣಜದ ಸತ್ವವು ಮೊದಲು ಸಲ್ಲಲಿ.