ಹಬ್ಬಕ್ಕೆ ಬಾಡಿಗೆ ಗೋಡೆ ಯಾತಕ್ಕವ್ವ?

ಆಷಾಢ ಇನ್ನೂ ಕಳ್ದಿಲ್ಲ, ಆಗ್ಲೇ ಫೋನಿಗೆ ಬರೋಕೆ ಶುರುವಾಯ್ತು ನೋಡಿ. "ವರಮಹಾಲಕ್ಷ್ಮಿ ಬ್ಯಾಕ್‌ಡ್ರಾಪ್ ಬಾಡಿಗೆಗೆ ಸಿಕ್ತದೆ, ಎರಡು ದಿನಕ್ಕೆ 3500, ತಂದು ಕಟ್ಟೋದು ಬಿಚ್ಕಂಡು ಹೋಗೋದು ನಮ್ದೇ" ಅಂತ. ಜೊತೆಗೆ ಹತ್ತು ಫೋಟೋ. ಹತ್ತರಲ್ಲೂ ಅದೇ ಹಸು, ಅದೇ ತಾವರೆ, ಅದೇ ನೇತಾಡೋ ಗಂಟೆ. ಅಮ್ಮನವ್ರ ಮುಖ ಎಲ್ಲೈತೆ ಅಂತ ಹುಡುಕ್ಬೇಕು.

ಹೋದ್ವರ್ಷ ನಮ್ಮ ಬೀದೀಲಿ ಏಳು ಮನೇಲಿ ಈ ಹಸು ಇತ್ತು. ಕುಂಕುಮಕ್ಕೆ ಹೋದ್ರೆ ಯಾರ ಮನೇಲಿ ಕೂತಿದೀನಿ ಅಂತ ಸೋಫಾ ನೋಡಿ ತಿಳ್ಕಬೇಕು, ಹಂಗಾಗಿತ್ತು. ಆ ಹಸು ಬಟ್ಟೆಗೆ ಪಿಚ್ವಾಯಿ ಅಂತಾರಂತೆ. ನಿಜವಾಗಿ ಅದು ರಾಜಸ್ಥಾನದ ನಾಥದ್ವಾರದಲ್ಲಿ ಶ್ರೀನಾಥಜಿ ವಿಗ್ರಹದ ಹಿಂದೆ ತೂಗು ಹಾಕೋ ಬಟ್ಟೆ, ಅಲ್ಲಿ ಚಿತ್ರಗಾರರು ಕೂತು ಕೈಯಲ್ಲೇ ಬರೀತಾರೆ. ಅವ್ರ ದೇವ್ರು, ಅವ್ರ ಕೈಕೆಲ್ಸ, ಅವ್ರಿಗದು ಚೆಂದ. ನಮಗೆ ಬರೋದು ಮಿಷೀನಲ್ಲಿ ಒತ್ತಿದ ಪ್ರಿಂಟು. ನಮ್ಮ ಹಾಸನದ ಲಕ್ಷ್ಮಿಗೂ ಅದಕ್ಕೂ ಏನ್ ಸಂಬಂಧ ಅಂತ ಡೆಕೋರೇಷನ್ ಹುಡುಗನ್ನ ಕೇಳ್ದೆ. "ಆಂಟಿ, ಈಗ ಇದೇ ಓಡ್ತಿರೋದು" ಅಂದ.

ನಾನೇನು ಸಾಚಾ ಅಲ್ಲ ಕಣ್ರವ್ವ. ಮೂರು ವರ್ಷ ನಾನೂ ಈ ಆಟ ಆಡಿದೀನಿ. ಮೊದಲ್ನೇ ವರ್ಷ ಥರ್ಮಾಕೋಲಿನ ಮಂಟಪ, ಎರಡನೇ ವರ್ಷ ಪ್ಲಾಸ್ಟಿಕ್ ಚೆಂಡುಹೂವಿನ ಪರದೆ, ಮೂರನೇ ವರ್ಷ ಬಾಡಿಗೆ ಹಸು. ಫೋಟೋ ತೆಗ್ದು ಸ್ಟೇಟಸ್‌ಗೆ ಹಾಕಿ, ಎಷ್ಟು ಜನ ನೋಡಿದ್ರು ಅಂತ ಆರತಿ ಮಾಡೋ ಮೊದ್ಲು ಎಣಿಸ್ದೋಳು ನಾನು. ಅದಕ್ಕೇ ಈ ಮಾತಾಡೋ ಹಕ್ಕು ನನಗೈತೆ ಅಂದ್ಕಂಡಿದೀನಿ.

ಹೋದ್ವರ್ಷ ಆಗಸ್ಟ್ 16, ಶುಕ್ರವಾರ, ಹಬ್ಬದ ದಿನ. ನಮ್ಮ ಹಿಂದಿನ ಬೀದೀಲಿ ಒಬ್ಳು ಹುಡುಗಿ ಅವ್ಳೆ, ಗಾರ್ಮೆಂಟ್ಸ್‌ಗೆ ಹೋಗ್ತಾಳೆ. ಪ್ರತಿ ವರ್ಷ ಸಾಯಂಕಾಲ ತಪ್ಪದೆ ಬಂದು "ಅಕ್ಕ, ಕುಂಕುಮಕ್ಕೆ ಬನ್ನಿ" ಅಂತ ಕರೆಯೋಳು. ಅವ್ಳ ಮನೇಲಿ ಒಂದೇ ರೂಮು. ಮೂಲೇಲಿ ಮಣೆ ಮೇಲೆ ಕಳಶ ಇಟ್ಟು, ಹಿಂದಕ್ಕೆ ಅವ್ಳ ಮದ್ವೆ ಸೀರೆ ನೆರಿಗೆ ಹಿಡ್ದು ಕಟ್ಟಿರೋಳು. ಆ ಸೀರೆ ಅಂಚು ನನಗೆ ಈಗ್ಲೂ ಕಣ್ಮುಂದೆ ಬತ್ತದೆ, ಗಿಣಿಹಸಿರು. ಹೋದ್ವರ್ಷ ಕರೀಲಿಲ್ಲ. ಎಂಟು ಗಂಟೆ ಆದ್ರೂ ಬರ್ಲಿಲ್ಲ ಅಂತ ನಾನೇ ಹೋದ್ರೆ ಬೀಗ. ಹುಷಾರಿಲ್ವೇನೋ ಅಂದ್ಕಂಡೆ.

ಹದಿನೈದು ದಿನ ಆದ್ಮೇಲೆ ಹಾಲಿನ ಡೈರಿ ಹತ್ರ ಸಿಕ್ಳು. ಯಾಕವ್ವ ಹಬ್ಬ ಮಾಡ್ಲಿಲ್ವಾ ಅಂದೆ. ಮೊದ್ಲು ಏನೇನೋ ನೆಪ ಹೇಳಿದ್ಲು, ಆಮೇಲೆ "ಬೆಳಿಗ್ಗೇನೆ ಮಾಡ್ದೆ ಅಕ್ಕ, ಸಾಯಂಕಾಲ ಬಾಗ್ಲು ಹಾಕ್ಕಂಡು ಗುಡಿಗೆ ಹೋದೆ. ನೀವೆಲ್ಲ ಅಷ್ಟು ಚೆನ್ನಾಗಿ ಮಾಡಿದ್ರಿ, ಸ್ಟೇಟಸ್ ನೋಡ್ದೆ. ನಮ್ಮನೇಲಿ ಸೀರೆ ಕಟ್ಟಿ ನಿಮ್ಮನ್ನ ಕರೆಯೋಕೆ ನಾಚ್ಕೆ ಆಯ್ತು" ಅಂದ್ಲು. ನಗ್ತಾನೇ ಅಂದ್ಲು. ನನ್ನ ಕೈಲಿದ್ದ ಹಾಲಿನ ಕ್ಯಾನು ಭಾರ ಆಗೋಯ್ತು. ಯಾಕಂದ್ರೆ ಅವ್ಳು ನೋಡಿದ್ದು ನನ್ನ ಸ್ಟೇಟಸ್ಸೇ.

ಲಕ್ಷ್ಮಿ ಬರ್ಲಿ ಅಂತ ಮಾಡೋ ಹಬ್ಬಕ್ಕೆ ಒಬ್ಳು ಮುತ್ತೈದೆ ಬಾಗ್ಲು ಹಾಕ್ಕಂಡು ಹೋಗೋ ಹಂಗೆ ಆಯ್ತಲ್ಲ, ಇದನ್ನ ಅಲಂಕಾರ ಅಂತೀರಾ?

ನಾನು ಹುಟ್ಟಿದ್ದು ಹೊಳೆನರಸೀಪುರದಲ್ಲಿ. ನಮ್ಮವ್ವ ಹಬ್ಬದ ಹಿಂದಿನ ದಿನ ಜಗಲಿಗೆ ಕೆಮ್ಮಣ್ಣು ಸಾರಿಸಿ, ಸುಣ್ಣದಲ್ಲಿ ಅಂಚು ಎಳ್ದು ಬಿಟ್ರೆ ಅರ್ಧ ಹಬ್ಬ ಆದಂಗೆ. ಸಾಯಂಕಾಲ ಅಕ್ಕಪಕ್ಕದ ಹೆಂಗಸ್ರೆಲ್ಲ ಹೂವಿನ ಪುಟ್ಟಿ ಹಿಡ್ಕಂಡು ನಮ್ಮ ಜಗಲಿಗೇ ಬರೋರು, ನಮ್ಮ ಜಗಲಿ ಅಗಲ ಇತ್ತು ಅಂತ. ಬಾಳೆನಾರು ನೆನೆಸಿ ಇಟ್ಟಿರೋರು. ಕನಕಾಂಬರ ಒಬ್ರು, ಕಾಕಡ ಒಬ್ರು, ಮರುಗ ಒಬ್ರು. ಯಾರ ಹೂವು ಯಾರ ಮನೆಗೆ ಹೋಗ್ತು ಅಂತ ಲೆಕ್ಕ ಇಲ್ಲ. ಮಾತೇ ಜಾಸ್ತಿ, ಹೂವು ಕಮ್ಮಿ. ಸೊಸೇರು ಅತ್ತೇರ ಮೇಲೆ ಹೇಳೋ ದೂರೆಲ್ಲ ಅಲ್ಲೇ ಬರೋದು, ಸಣ್ಣ ಹುಡುಗೀರು ನಾವು ಕಿವಿ ನೆಟ್ಟಗೆ ಮಾಡ್ಕಂಡು ದಾರ ಹಿಡ್ದು ಕೂತಿರೋವು.

ಮದ್ವೆ ಆಗಿ ಹೋದದ್ದು ಚನ್ನರಾಯಪಟ್ಟಣದ ಕಡೆ ಹಳ್ಳಿಗೆ, ಅಲ್ಲಿ ಬರೀ ತೆಂಗು. ಅಲ್ಲಿ ಗರಿ ಹೆಣೆಯೋದು ಕಲ್ತೆ. ನಮ್ಮತ್ತೆಯವ್ರು ಜೋರು, ಆದ್ರೆ ಕೈಕೆಲ್ಸದಲ್ಲಿ ಅವ್ರನ್ನ ಮೀರ್ಸೋರಿಲ್ಲ. ಒಂದು ಗರಿ ಸೀಳಿ ಗಿಣಿ, ಗಂಟೆ, ಸರಪಳಿ ಎಲ್ಲ ಮಾಡೋರು. "ಸುಳಿ ಮುಟ್ಟೀಯ ಜೋಕೆ, ಮರ ಹಾಳಾಗ್ತದೆ, ಬಿದ್ದ ಗರಿ ಪಕ್ಕದ ಹಸಿ ಗರಿ ತಗೋ" ಅಂತ ಬೈಯೋರು. ಮಾವಿನೆಲೆ ತೋರಣಕ್ಕೆ ದಾರ ಸುತ್ತಂಗಿಲ್ಲ, ಎಲೆ ಮಡ್ಚಿ ತೆಂಗಿನ ಕಡ್ಡಿ ಚುಚ್ಬೇಕು, ಆಗ ಒಣಗಿದ್ರೂ ಉದುರಲ್ಲ. ಇದೆಲ್ಲ ಮಾಡೋಕೆ ಒಬ್ರ ಕೈ ಸಾಲಲ್ಲ, ಪಕ್ಕದೋರನ್ನ ಕೂಗಲೇಬೇಕು. ಕೂಗಿದ್ಮೇಲೆ ಅವ್ರ ಮನೆಗೂ ನಾವು ಹೋಗಲೇಬೇಕು. ಈಗಿನ ಡೆಕೋರೇಷನ್ ಡಬ್ಬೀಲಿ ಬತ್ತದೆ, ಹುಡುಗ್ರು ಬಂದು ಅರ್ಧ ಗಂಟೇಲಿ ಕಟ್ತಾರೆ, ಪಕ್ಕದ ಮನೇವ್ಳಿಗೆ ಉಳ್ದಿರೋ ಕೆಲ್ಸ ಬಂದು "ಸೂಪರ್" ಅನ್ನೋದೊಂದೇ.

ಅರಕಲಗೂಡಲ್ಲಿ ನಮ್ಮಕ್ಕ ಅವ್ಳೆ, ಇದನ್ನ ಓದಿದ ತಕ್ಷಣ ಫೋನ್ ಮಾಡ್ತಾಳೆ ಗೊತ್ತು. ಹೋದ ತಿಂಗ್ಳೇ ಜಗಳ ಆಡಿದಾಳೆ. "ನಿಂಗೇನಮ್ಮ, ಮಂಡಿ ಗಟ್ಟಿ ಐತೆ. ನಾನು ಏಣಿ ಹತ್ತಿ ತೋರಣ ಕಟ್ಲಾ? ಸೊಸೆ ಆರು ಗಂಟೆಗೆ ಕೆಲ್ಸದಿಂದ ಬತ್ತಾಳೆ, ಅವ್ಳು ಬಂದು ಹೂವು ಕಟ್ಬೇಕಾ? ಪ್ಲಾಸ್ಟಿಕ್ಕು ಒಂದ್ಸಲ ತಗಂಡ್ರೆ ಹತ್ತು ವರ್ಷ" ಅಂತ. ಅಕ್ಕನ ಮಂಡಿ ವಿಷ್ಯ ನಾನು ಒಪ್ತೀನಿ. ಏಣಿ ಹತ್ತೋಕಾಗದೋರು ಬಾಗ್ಲಿಗೆ ಪ್ಲಾಸ್ಟಿಕ್ ತೋರಣ ಬಿಟ್ಕಂಡ್ರೆ ಪ್ರಪಂಚ ಮುಳುಗಲ್ಲ. ಸೊಸೆ ವಿಷ್ಯಾನೂ ಒಪ್ತೀನಿ, ಮನೆ ಹೆಂಗಸ್ರ ಬೆನ್ನು ಮುರಿಯೋ ಅಲಂಕಾರ ನನಗೂ ಬ್ಯಾಡ. ಆದ್ರೆ ಮನೇಲಿ ಗಂಡಸ್ರಿಲ್ವಾ, ಏಣಿ ಅವ್ರಿಗೆ ಹತ್ತೋಕೆ ಬರಲ್ವಾ ಅಂತ ಕೇಳಿದ್ದಕ್ಕೆ ಅಕ್ಕ ಫೋನ್ ಇಟ್ಟುಬಿಟ್ಳು.

ಹತ್ತು ವರ್ಷ ಅನ್ನೋದು ಮಾತ್ರ ಸುಳ್ಳು. ನನ್ನ ಪ್ಲಾಸ್ಟಿಕ್ ಚೆಂಡುಹೂವು ಎರಡನೇ ವರ್ಷಕ್ಕೇ ಸೋಪಿನ ನೀರಲ್ಲಿ ಅದ್ದಿ ಒಣಗಿಸೋ ಹಂಗಾಯ್ತು, ಮೂರನೇ ವರ್ಷಕ್ಕೆ ಕಿತ್ಲೆ ಬಣ್ಣ ಹೋಗಿ ಹಳೇ ಹಲ್ಲಿನ ಬಣ್ಣ ಬಂತು. ಇಟ್ಟ ಹೂವು ವರ್ಷ ಪೂರ್ತಿ ಬಾಡಲ್ಲ ಅಂತ ಜನ ನಂಬೋದು ನಮ್ಮೂರ ಹಾಸನಾಂಬೆ ಗುಡೀಲಿ, ವರ್ಷಕ್ಕೊಂದ್ಸಲ ಬಾಗ್ಲು ತೆಗೆದಾಗ. ಅಟ್ಟದ ಮೇಲಿನ ಪ್ಲಾಸ್ಟಿಕ್ ಚೀಲದಲ್ಲಿ ಆ ಪವಾಡ ನಡೆಯಲ್ಲ.

ಥರ್ಮಾಕೋಲ್ ಮಂಟಪದ ಕತೆ ಇನ್ನೂ ಕೆಟ್ಟದ್ದು. ಅಟ್ಟದಲ್ಲಿ ಇಲಿ ಅದರೊಳಗೆ ಮರಿ ಹಾಕಿತ್ತು. ಇಳಿಸಿದ್ರೆ ಪುಡಿ ಪುಡಿ, ಮನೆ ತುಂಬ ಬಿಳಿ ಕಾಳು, ಪೊರಕೆಗೆ ಬರಲ್ಲ, ಕೈಗೆ ಅಂಟ್ಕತದೆ. ಒಲೆಗೆ ಹಾಕಿ ಸುಡಂಗಿಲ್ಲ, ಹೊಗೆ ವಿಷ. ಗುಂಡಿಗೆ ಹಾಕಿದ್ರೆ ಕರಗಲ್ಲ. ಕಸದ ಗಾಡಿಯೋನು ಒಣ ಕಸಕ್ಕೂ ತಗಳಲ್ಲ ಅಂದ. ಮೂಲೇಲಿ ಬಿಸಾಕಿದೋರ ಮಂಟಪದ ಚೂರನ್ನ ಹಸು ಮೆಲ್ಲೋದನ್ನ ನಾನೇ ಕಣ್ಣಾರೆ ನೋಡಿದೀನಿ. ಪರದೆ ಮೇಲೆ ಹಸು ಚಿತ್ರ ಬೇಕು, ಬೀದಿ ಹಸುಗೆ ಥರ್ಮಾಕೋಲ್ ಊಟ.

ಇನ್ನೊಂದು ವಿಷ್ಯ, ನಮ್ಮಲ್ಲಿ ತುಂಬ ಜನಕ್ಕೆ ಗೊತ್ತಿಲ್ಲ. 2016ರ ಮಾರ್ಚ್‌ನಲ್ಲೇ ನಮ್ಮ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ಬ್ಯಾನರು, ಬಂಟಿಂಗ್ಸು, ತಟ್ಟೆ, ಲೋಟ, ಊಟದ ಟೇಬಲ್ ಮೇಲೆ ಹಾಸೋ ಪ್ಲಾಸ್ಟಿಕ್ ಹಾಳೆ ಇವನ್ನೆಲ್ಲ ನಿಷೇಧ ಮಾಡಿತು. 2022ರ ಜುಲೈ 1ರಿಂದ ಇಡೀ ದೇಶಕ್ಕೆ ಬಂದ ನಿಷೇಧದ ಪಟ್ಟೀಲಿ, ಅಲಂಕಾರಕ್ಕೆ ಬಳಸೋ ಥರ್ಮಾಕೋಲ್ ಅಂತ ಬಿಡಿಸಿ ಹೇಳವ್ರೆ. ಬಲೂನಿಗೆ ಹಾಕೋ ಪ್ಲಾಸ್ಟಿಕ್ ಕಡ್ಡಿ, ಸ್ವೀಟ್ ಬಾಕ್ಸಿಗೆ ಸುತ್ತೋ ತೆಳು ಹಾಳೆ ಕೂಡ ಅದರಲ್ಲೈತೆ. ಅಂದ್ರೆ ನಾವು ಅಮ್ಮನವ್ರನ್ನ ಕೂರ್ಸಿದ್ದ ಆ ಮಂಟಪ ಅಂಗಡೀಲಿ ಮಾರೋ ಹಂಗೇ ಇರ್ಲಿಲ್ಲ. ನಾನು ಚೌಕಾಸಿ ಮಾಡಿ 50 ರೂಪಾಯಿ ಇಳಿಸ್ಕಂಡು ಹೆಮ್ಮೆ ಪಟ್ಟಿದ್ದೆ.

ಅಲಂಕಾರಾನೇ ಬ್ಯಾಡ ಅಂತ ಹೇಳ್ತಿದೀನಿ ಅಂದ್ಕಬ್ಯಾಡಿ. ಬೇಲೂರು ಹಳೇಬೀಡು ಇರೋ ಜಿಲ್ಲೇಲಿ ಹುಟ್ಟಿ ಅಲಂಕಾರ ಬ್ಯಾಡ ಅಂದ್ರೆ ಕಲ್ಲಿನ ಶಿಲಾಬಾಲಿಕೆಯೇ ಕನ್ನಡಿ ಬಿಸಾಕಿ ಹೊಡೀತಾಳೆ. ನನಗೆ ಹೂವು ಬೇಕು, ಬಣ್ಣ ಬೇಕು, ಬಾಗ್ಲಲ್ಲಿ ಬಾಳೆಕಂದು ಬೇಕು, ಎಂಟೆಳೆ ರಂಗೋಲಿ ಬೇಕು. ಸ್ಟಿಕ್ಕರ್ ರಂಗೋಲಿ ಬ್ಯಾಡ, ಅದರ ಮೇಲೆ ಕಾಲಿಟ್ಟು ಜಾರಿ ಬಿದ್ದಿದೀನಿ. ದುಡ್ಡು ಖರ್ಚಾಗೋದಕ್ಕೂ ನನ್ನ ತಕರಾರಿಲ್ಲ. ಕಟ್ಟಿನಕೆರೆ ಮಾರ್ಕೆಟ್ಟಿಗೆ ಹಬ್ಬದ ಹಿಂದಿನ ದಿನ ಹೋದೋರಿಗೆ ಗೊತ್ತು, ಮಾರು ಸೇವಂತಿಗೆ ಕೇಳಿದ್ರೆ ಹೂವಿನೋಳು ನಮ್ಮ ಮುಖ ನೋಡಿ ರೇಟ್ ಹೇಳ್ತಾಳೆ. ಹೇಳ್ಲಿ ಬಿಡಿ, ಅವ್ಳ ಮನೇಲೂ ಹಬ್ಬ. 3500 ಬಾಡಿಗೆ ಕೊಟ್ಟು, ಅವ್ಳ ಹತ್ರ 20 ರೂಪಾಯಿಗೆ ಜಗಳ ಆಡ್ತೀವಲ್ಲ, ಅದು ನನಗೆ ಈಗ ನಾಚ್ಕೆ ಅನ್ಸೋದು. ಹೂವು ದುಬಾರಿ ಅನ್ನೋರು ಮೇ ಕೊನೇಲಿ ನಾಲ್ಕು ಚೆಂಡುಹೂವಿನ ಬೀಜ ಕುಂಡಕ್ಕೆ ಉದುರ್ಸಿ, ಶ್ರಾವಣಕ್ಕೆ ಬಾಗಿಲಿಗಾಗೋಷ್ಟು ಬಿಡ್ತದೆ. ಈ ವರ್ಷ ತಡ ಆಯ್ತು, ಮುಂದಿನ ವರ್ಷಕ್ಕೆ ಬೀಜ ನನ್ನ ಹತ್ರ ಐತೆ, ಬಂದು ತಗಂಡೋಗಿ.

ರಿಟರ್ನ್ ಗಿಫ್ಟ್ ಅಂತ ಕೊಡೋ ಪ್ಲಾಸ್ಟಿಕ್ ಡಬ್ಬಿ ಬಗ್ಗೆ ಬೇರೇನೇ ಬರೀತೀನಿ, ಅದಕ್ಕೆ ಕೋಪ ಕೂಡಿ ಹಾಕ್ತಾ ಇದೀನಿ. ಎಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ, ರವಿಕೆ ಕಣ ಕೊಟ್ರೆ ಯಾರೂ ಕಮ್ಮಿ ಅನ್ನಲ್ಲ.

ಈ ಸಲ ಹಬ್ಬ ಆಗಸ್ಟ್ 8. ನಮ್ಮನೇಲಿ ಹಸು ಬರಲ್ಲ, ಡೆಕೋರೇಷನ್ ಹುಡುಗನಿಗೆ ಹೇಳಾಯ್ತು. ಅಮ್ಮನವ್ರ ಹಿಂದಕ್ಕೆ ನಮ್ಮತ್ತೆಯವ್ರ ಕೆಂಪು ಧಾರೆ ಸೀರೆ ಕಟ್ತೀನಿ, ಒಂದು ಕಡೆ ಇಲಿ ಕಡ್ದೈತೆ, ನೆರಿಗೇಲಿ ಮುಚ್ಕತದೆ. ಕಳಶ ಕೂರ್ಸಿದ ಮೇಲೆ ಸಾಯಂಕಾಲದವರೆಗೆ ಫೋಟೋ ಹಾಕಲ್ಲ. ಹಿಂದಿನ ಬೀದಿ ಹುಡುಗಿಗೆ ಹೋಗಿ ಹೇಳಿ ಬಂದಿದೀನಿ, ಮೊದಲ್ನೇ ಕುಂಕುಮ ಅವ್ಳ ಮನೇಲೇ ತಗಳೋದು ನಾನು, ಬೀಗ ಹಾಕಿದ್ರೆ ಬಾಗ್ಲಲ್ಲೇ ಕೂತ್ಕತೀನಿ ಅಂತ. ಅವ್ಳು ಇನ್ನೂ ಸರಿಯಾಗಿ ಹೂಂ ಅಂದಿಲ್ಲ. "ನೋಡಾಣ ಅಕ್ಕ" ಅಂದವ್ಳೆ.

7ನೇ ತಾರೀಕು ಗುರುವಾರ ಸಾಯಂಕಾಲ ಐದು ಗಂಟೆಗೆ ನಮ್ಮನೆ ವರಾಂಡದಲ್ಲಿ ಹೂವು ಕಟ್ತೀವಿ. ಮಾವಿನ ಸೊಪ್ಪು, ತೆಂಗಿನ ಗರಿ ಚನ್ನರಾಯಪಟ್ಟಣದಿಂದ ನಮ್ಮ ಮೈದುನ ಬೆಳಿಗ್ಗೆ ಬಸ್ಸಿಗೆ ಹಾಕ್ತಾರೆ, ಎಲ್ಲರ ಮನೆಗೂ ಸಾಕಾಗೋಷ್ಟು. ಬಾಳೆನಾರು ನಾನು ನೆನೆಸಿರ್ತೀನಿ. ಕೆಲ್ಸದಿಂದ ಬರೋರು ಏಳು ಗಂಟೆಗೆ ಬಂದ್ರೂ ನಡೀತದೆ, ಕಾಫಿ ಐತೆ. ಕತ್ರಿ ಮಾತ್ರ ನಿಮ್ಮದೇ ತನ್ನಿ, ಹೋದ್ಸಲ ಒಯ್ದೋರು ಇನ್ನೂ ವಾಪಸ್ ಕೊಟ್ಟಿಲ್ಲ.