ಸ್ಟೇಷನ್ನಿನಿಂದ ಮನೆಗೆ

ಬೆಂಗಳೂರಿನ ನಮ್ಮ ಮನೆಗೆ ಮೆಟ್ರೋ ಸ್ಟೇಷನ್ 'ಬರೀ ಹತ್ತು ನಿಮಿಷದ ನಡಿಗೆ' ಎಂದು ಮನೆ ಮಾರುವವರ ಜಾಹೀರಾತು ಹೇಳುತ್ತದೆ. ಅದನ್ನು ಬರೆದ ಮಹಾನುಭಾವ ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ಮಗುವಿನ ಕೈ ಹಿಡಿದು ರಾತ್ರಿ ಎಂಟಕ್ಕೆ ಆ ದಾರಿ ತುಳಿದವನಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಸ್ಟೇಷನ್ನಿನೊಳಗೆ ಎಲ್ಲವೂ ಥಳಥಳ. ಹೊರಗೆ ಇಳಿದರೆ ಚಪ್ಪಡಿ ಎದ್ದ ಫುಟ್‌ಪಾತ್, ಅದರ ಮೇಲೆ ಸಾಲಾಗಿ ಸ್ಕೂಟರುಗಳು, ಆಮೇಲೆ ಅಪಾರ್ಟ್‌ಮೆಂಟ್ ಒಂದರ ಉದ್ದನೆಯ ಕಾಂಪೌಂಡ್ ಗೋಡೆ. ಆ ಗೋಡೆಗೆ ಕಿಟಕಿಯಿಲ್ಲ, ಬಾಗಿಲಿಲ್ಲ, ಅಂಗಡಿಯಿಲ್ಲ. ಅದರ ಮೂಲೆಯಲ್ಲಿ ಹೂ ಮಾರುವವಳೊಬ್ಬಳು ಕೂರುತ್ತಿದ್ದಳು. ಅವಳ ಬುಟ್ಟಿಯ ಪಕ್ಕದ ಚಾರ್ಜರ್ ದೀಪವೇ ನಮ್ಮ ಧೈರ್ಯ. "ಯಾಕಕ್ಕಾ, ಇವತ್ತು ಲೇಟು?" ಎಂದು ಕೇಳುವಳು. ಒಂದು ದಿನ, ನಡೆಯುವವರಿಗೆ ಅಡ್ಡಿಯೆಂದು ಅವಳನ್ನು ಎಬ್ಬಿಸಿದರು. ಸ್ಕೂಟರುಗಳನ್ನು ಯಾರೂ ಎಬ್ಬಿಸಲಿಲ್ಲ! ಅಂದಿನಿಂದ ಕತ್ತಲಾದರೆ ನಾನು ಆಟೋ ಹಿಡಿಯುತ್ತೇನೆ.

ಮೆಟ್ರೋ ಬೇಡವೆನ್ನುವವಳಲ್ಲ ನಾನು. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಗೂ ಎಂ.ಜಿ. ರಸ್ತೆಗೂ ನಡುವೆ ಮೊದಲ ರೈಲು ಓಡಿದಾಗ ಎಲ್ಲರಂತೆ ಸಂಭ್ರಮಪಟ್ಟೆ. 2025ರಲ್ಲಿ ಅದು ಬೊಮ್ಮಸಂದ್ರ ಮುಟ್ಟಿದಾಗಲೂ ಅಷ್ಟೇ. ಆದರೆ ರೈಲು ನಮ್ಮನ್ನು ಮನೆಬಾಗಿಲಿಗೆ ಬಿಡುವುದಿಲ್ಲವಲ್ಲ. ಸ್ಟೇಷನ್ನಿನ ಸುತ್ತಲಿನ 500ರಿಂದ 800 ಮೀಟರ್ ಒಳಗೆ ಮನೆ, ಅಂಗಡಿ, ಕಚೇರಿ ಬೆರೆತಿರಬೇಕು, ನಡೆಯುವವರಿಗೆ ಮೊದಲ ಮಣೆ ಸಿಗಬೇಕು ಎಂದು ಕೇಂದ್ರ ಸರ್ಕಾರದ 2017ರ ನೀತಿಯೇ ಹೇಳುತ್ತದೆ. ಚಿನ್ನದಂಥ ಮಾತು! ಆದರೆ ಕಟ್ಟುವವರ ಕಿವಿಗೆ ಬೀಳುವುದು ಅದರಲ್ಲಿ ಒಂದೇ: ಸ್ಟೇಷನ್ ಹತ್ತಿರ ಇನ್ನಷ್ಟು ಮಹಡಿ ಏರಿಸಬಹುದು. ಮಹಡಿ ಏರುತ್ತದೆ, ಗೋಡೆಯೂ ಜೊತೆಗೆ ಏರುತ್ತದೆ.

ಬೆರೆತ ಬಡಾವಣೆ ನಮಗೇನು ಹೊಸದೇ? 1898ರ ಪ್ಲೇಗಿನ ಹೊತ್ತಿನಲ್ಲಿ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿಗಳನ್ನು ನೋಡಿ. ಎಂಟನೇ ಕ್ರಾಸಿನಲ್ಲೋ ಗಾಂಧಿ ಬಜಾರಿನಲ್ಲೋ ಒಂದು ಸುತ್ತು ಹಾಕಿದರೆ ಹೂವು, ಸೊಪ್ಪು, ಬಳೆ, ಕಾಫಿಪುಡಿ ಎಲ್ಲವೂ ಆಯಿತು. ಪಕ್ಕದ ಬೀದಿಯಲ್ಲೇ ಮನೆ, ದೇವಸ್ಥಾನ, ಶಾಲೆ. ಕಚೇರಿಯಿಂದ ನೆಟ್ಟಗೆ ಮನೆಗೆ ಬರುವ ಭಾಗ್ಯ ಎಷ್ಟು ಜನ ಹೆಂಗಸರಿಗಿದೆ, ನೀವೇ ಹೇಳಿ. ಮಗುವನ್ನು ಕರೆದುಕೊಳ್ಳಬೇಕು, ಅತ್ತೆಯ ಮಾತ್ರೆ ತರಬೇಕು, ಹಾಲು ಕೊಳ್ಳಬೇಕು, ಹೊಲಿಯಲು ಕೊಟ್ಟ ರವಿಕೆ ಕೇಳಬೇಕು. ಇವೆಲ್ಲ ದಾರಿಯಲ್ಲೇ ಸಿಕ್ಕರೆ ಅದು ಊರು. ಇಲ್ಲದಿದ್ದರೆ ಬರೀ ಸ್ಟೇಷನ್ನು.

"ಮನೆಗಳ ನಡುವೆ ಅಂಗಡಿ ಬಂದರೆ ನೆಮ್ಮದಿ ಹೋಯಿತು" ಎನ್ನುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕಲಾರೆ. ಇಂದಿರಾನಗರದ ಮನೆಗಳ ಪಕ್ಕ ಪಬ್ಬುಗಳು ಎದ್ದಾಗ ಅಲ್ಲಿಯವರು ಪಟ್ಟ ಪಾಡು ಎಲ್ಲರಿಗೂ ಗೊತ್ತು. ನಾನು ಕೇಳುತ್ತಿರುವುದು ಪಬ್ಬಲ್ಲ. ಔಷಧಿ ಅಂಗಡಿ, ಟೈಲರ್, ಶಿಶುವಿಹಾರ, ಹೂವಿನ ಬುಟ್ಟಿ. ಯಾವುದನ್ನು ಬೆರೆಸಬೇಕೆಂದು ಆರಿಸುವುದೇ ಯೋಜನೆ. ಬೀದಿ ವ್ಯಾಪಾರಿಗಳಿಗೆ ಜಾಗ ಗುರುತಿಸಿಕೊಡಬೇಕೆಂದು 2014ರ ಕಾಯ್ದೆ ಇದೆ. ಸ್ಟೇಷನ್ನಿನ ನಕ್ಷೆ ಬರೆಯುವಾಗಲೇ ಆ ಜಾಗವನ್ನೂ ಬರೆಯಲು ಏನು ಕಷ್ಟ? ಬಾಡಿಗೆ ಏರಿದ ಮೇಲೂ ಹೂವಿನವಳು ಹತ್ತಿರದಲ್ಲೇ ಬದುಕುವಂಥ ಪುಟ್ಟ ಮನೆಗಳೂ ಆ ನಕ್ಷೆಯಲ್ಲಿರಬೇಕು. ದೂರದ ಬಸ್ಸು ಹಿಡಿಯಬೇಕಾದವಳು ಎಂಟು ಗಂಟೆಯವರೆಗೆ ದೀಪ ಹಚ್ಚಿ ಕೂರುತ್ತಾಳೆಯೇ?

ಇದು ಬೆಂಗಳೂರಿನವರ ಗೋಳು ಎಂದು ಪುಟ ತಿರುವಬೇಡಿ. ಹುಬ್ಬಳ್ಳಿ-ಧಾರವಾಡದಲ್ಲಿ 2018ರಲ್ಲಿ 'ಚಿಗರಿ' ಬಸ್ಸು ಶುರುವಾಯಿತು. ನಿಲ್ದಾಣ ಇರುವುದು ರಸ್ತೆಯ ನಟ್ಟನಡುವೆ. ಇಳಿದವಳು ವಾಹನಗಳನ್ನು ದಾಟಿ ಅಂಚಿಗೆ ಬರಬೇಕು, ಅಲ್ಲಿಂದ ಮನೆಗೆ ನಡೆಯಬೇಕು. ನಾಳೆ ನಿಮ್ಮೂರಿಗೂ ಇಂಥದ್ದೊಂದು ಬಂದೀತು.

ಆಗ ಸಭೆ ಕರೆದು ಬಣ್ಣದ ನಕ್ಷೆ ತೋರಿಸುತ್ತಾರೆ. ಎಷ್ಟು ಕೋಟಿ, ಎಷ್ಟು ಮಹಡಿ ಎಂದು ಕೇಳಲು ಬೇರೆಯವರಿರುತ್ತಾರೆ. ನೀವು ಎದ್ದು ನಿಂತು ಇದೊಂದನ್ನು ಕೇಳಿ: ರಾತ್ರಿ ಎಂಟಕ್ಕೆ ಈ ದಾರಿಯಲ್ಲಿ ಯಾವ ಅಂಗಡಿಯ ದೀಪ ಉರಿಯುತ್ತಿರುತ್ತದೆ, ಸ್ವಾಮೀ?